ಕೊನೆಯ ಮೂರು ಸಾಲು

ಆಲ್ಡರ್ ಹಾರ್ಬರ್, ಮಿಷಿಗನ್
4 ಸೆಪ್ಟೆಂಬರ್ 2018

ರೋವೇನಾ,

ಗಾಬರಿಯಾಗಬೇಡ. ನೀನು ಸತ್ತಿಲ್ಲ, ಸದ್ಯಕ್ಕೆ ಸಾಯುವ ಯೋಚನೆಯೂ ಇಲ್ಲವೆಂದುಕೊಂಡಿದ್ದೇನೆ. ಆದರೆ ನಿನ್ನ ನಿಧನ ವಾರ್ತೆ ಬರೆಯುವ ಕೆಲಸ ನನ್ನ ಕೊರಳಿಗೆ ಬಿದ್ದಿದೆ.

ನಮ್ಮ ಕ್ರಾನಿಕಲ್ ಈಗ ವಾರಪತ್ರಿಕೆ. ಡ್ವೇನ್ ಎಂಬ ಐವತ್ತು ದಾಟಿದ ಮನುಷ್ಯ ತಾನೇ ಸಂಪಾದಕ, ತಾನೇ ಫೋಟೋ ತೆಗೆಯುವವನು, ಗುರುವಾರ ತಾನೇ ವ್ಯಾನಿನಲ್ಲಿ ಪತ್ರಿಕೆ ಹಂಚುವವನು. ಮೊನ್ನೆ ಮನೆಗೆ ಬಂದು, "ಆರ್ವಿಡ್, ಊರಿನ ದೊಡ್ಡೋರದ್ದೆಲ್ಲ ಮೊದಲೇ ಬರೆದಿಟ್ಕೊಂಡ್ರೆ ಆಮೇಲೆ ಪರದಾಡೋದು ತಪ್ಪುತ್ತೆ. ರೋವೇನಾ ಪೆಂಗೆಲ್ಲಿಯವರದ್ದು ನೀವೇ ಬರೀರಿ. ನಿಮ್ಮ ಕೈಕೆಳಗೆ ಪಳಗಿದೋರಲ್ವಾ?" ಅಂದ. ನಮ್ಮ ಹಸಿರು ಬೀರು ನೆನಪಿದೆಯೇ? ಬಿಷಪ್ಪರಿಂದ ಹಿಡಿದು ಬ್ಯಾಂಡಿನ ಮೇಷ್ಟ್ರವರೆಗೆ, ಬದುಕಿರುವವರ ಸಾವೆಲ್ಲ ಅಕಾರಾದಿಯಾಗಿ ಅದರೊಳಗಿತ್ತು. ಮೇಯರ್ ಒಮ್ಮೆ ಬಂದು ತನ್ನದನ್ನು ಕೇಳಿ ಪಡೆದು, ಓದಿ, ಎರಡು ವಿಶೇಷಣ ಸೇರಿಸಿ ಹೋಗಿದ್ದ.

ನನಗೆ ಬೇಕಾದದ್ದು: ನೀನು ಹುಟ್ಟಿದ ತಾರೀಖು, ತಂದೆ ತಾಯಿಯ ಪೂರ್ತಿ ಹೆಸರು, ಪುಸ್ತಕಗಳ ಪಟ್ಟಿ. ಅದಕ್ಕಿಂತ ಮುಖ್ಯವಾಗಿ ಒಂದು ವಾಕ್ಯ. ಸತ್ತವರು ಯಾರು ಎಂಬುದು ಮೊದಲ ವಾಕ್ಯದಲ್ಲೇ ಮುಗಿಯಬೇಕು, ಅದು ನಿನಗೆ ಗೊತ್ತು. ಬೇರೆಯವರಾದರೆ ಸಲೀಸು. 'ಪತ್ತೇದಾರಿ ಕಾದಂಬರಿಗಾರ್ತಿ' ಅಂದರೆ ಆಯಿತು. ನಿನಗೆ ಏನನ್ನಲಿ? ಚರ್ಚಿನ ಅಡುಗೆಮನೆಯಲ್ಲಿ ಕೊಲೆ, ತೊಗಲು ವ್ಯಾಪಾರಿಯ ದೋಣಿ ಪಯಣ, ಕುಂಟ ನಾಯಿಯ ಮಕ್ಕಳ ಕಥೆ, ಒಮಾಹಾದ ದಂತವೈದ್ಯನ ಎರಡನೇ ಮದುವೆ, ಚಂದ್ರನ ಮೇಲೆ ಟಪಾಲು ಹಂಚುವವನು! ನಮ್ಮ ಗ್ರಂಥಾಲಯದಲ್ಲಿ ನಿನ್ನ ಒಂಬತ್ತು ಪುಸ್ತಕಗಳು ಆರು ಕಪಾಟಿನಲ್ಲಿವೆ. ಎಲ್ಲವನ್ನೂ ಹೊತ್ತು ತಂದಿದ್ದೇನೆ. ಬರೆದವಳು ಒಬ್ಬಳೇ ಎಂದು ನಂಬುವುದೇ ಕಷ್ಟ.

ಒಂದು ವಾಕ್ಯ ಕಳಿಸು. ಇಪ್ಪತ್ತು ಪದ ಮೀರಬಾರದು.

ಆರ್ವಿಡ್ ನೀಮಿ
(ನಿವೃತ್ತ) ಮುಖ್ಯ ಉಪಸಂಪಾದಕ


ಟೂಸಾನ್, ಅರಿಝೋನಾ
15 ಸೆಪ್ಟೆಂಬರ್ 2018

ಯಜಮಾನರೇ,

ಮೂವತ್ತೊಂಬತ್ತು ವರ್ಷದ ಮೇಲೆ ನಿಮ್ಮಿಂದ ಒಂದು ಕಾಗದ, ಅದೂ ನನ್ನ ಸಾವಿನ ವಿಚಾರವಾಗಿ! ಟೈಪ್‌ರೈಟರಿನ ಅಕ್ಷರ ನೋಡಿದ ಕೂಡಲೇ ನಿಮ್ಮದೆಂದು ಗೊತ್ತಾಯಿತು. ಒಡೆಯುವ ಮೊದಲು ಕೈ ತೊಳೆದುಕೊಂಡು ಬಂದೆ. ಯಾಕೆಂದು ಕೇಳಬೇಡಿ.

ಹುಟ್ಟಿದ್ದು 1952ರ ಫೆಬ್ರವರಿ 11. ಅಪ್ಪ ಜಾಗೋ ಪೆಂಗೆಲ್ಲಿ, ತಾಮ್ರದ ಗಣಿಯವನು. ಅಮ್ಮ ಮೆರಿಯನ್. ಎರಡನ್ನೂ ನೀವು ಹೇಗಿದ್ದರೂ ಬೇರೆ ಕಡೆ ವಿಚಾರಿಸಿ ಖಾತ್ರಿ ಮಾಡಿಕೊಳ್ಳುತ್ತೀರಿ. ನನ್ನ ಬಾಯಿಮಾತನ್ನು ನೀವು ಯಾವತ್ತು ನಂಬಿದ್ದಿರಿ?

ನಿಮ್ಮ ಕಾಗದ ಓದಿದ ಮೇಲೆ ಮೂರು ದಿನ ಒಂದಕ್ಷರ ಬರೆಯಲಾಗಲಿಲ್ಲ. ಕೂತಲ್ಲೆಲ್ಲ ಕ್ರಾನಿಕಲ್ ಕಚೇರಿಯೇ ಕಣ್ಣ ಮುಂದೆ. ಅಚ್ಚಿನ ಹಾಳೆಯನ್ನು ಪುಟಕ್ಕೆ ಅಂಟಿಸಲು ಹಿಂದೆ ಬಳಿಯುತ್ತಿದ್ದ ಬಿಸಿ ಮೇಣದ ವಾಸನೆ. ದೊಡ್ಡ ಸುದ್ದಿ ಬಂದರೆ ಗಂಟೆ ಹೊಡೆಯುತ್ತಿದ್ದ ತಂತಿಯಂತ್ರ. ಬಿಸಿಗಾಳಿ ಕೊಳವೆಯ ಮೇಲೆ ಸಾಲಾಗಿ ಕೂತು ಬೆಚ್ಚಗಾಗುತ್ತಿದ್ದ ಪ್ಯಾಸ್ಟಿ ಕಡುಬುಗಳು, ಯಾರದ್ದು ಯಾವುದೆಂದು ಗೊತ್ತಾಗಲು ಹಿಟ್ಟಿನ ಮೇಲೆ ಒತ್ತಿದ ಹೆಸರಿನ ಮೊದಲಕ್ಷರ. ನಿಮ್ಮದರೊಳಗೆ ಮಾತ್ರ ಕ್ಯಾರೆಟ್! ಪ್ಯಾಸ್ಟಿ ಅಂದರೆ ಒಳಗೆ ಮಾಂಸ, ಆಲೂಗೆಡ್ಡೆ, ಈರುಳ್ಳಿ, ಹಳದಿ ಟರ್ನಿಪ್ಪು, ಅಷ್ಟೇ. ನಮ್ಮಜ್ಜಿ ನಿಮ್ಮ ಪ್ಯಾಸ್ಟಿಯನ್ನು ನೋಡಿದ್ದರೆ ಅಲ್ಲೇ ಪ್ರಾಣ ಬಿಡುತ್ತಿದ್ದಳು. ಆ ದಿನಗಳು ಈಗಲೂ ಬೇಕೆನಿಸುತ್ತವೆ ಯಜಮಾನರೇ. ಅಷ್ಟು ಸುಖವಾಗಿ ಮತ್ತೆಲ್ಲೂ ಬೈಸಿಕೊಂಡಿಲ್ಲ.

ಒಂದು ವಾಕ್ಯ ನನ್ನಲ್ಲಿಲ್ಲ. ಇದ್ದಿದ್ದರೆ ಒಂಬತ್ತು ಪುಸ್ತಕ ಯಾಕೆ ಬರೆಯುತ್ತಿದ್ದೆ?

ನನ್ನದೊಂದು ಪ್ರಶ್ನೆ. ಯಾರೇ ಕೆಲಸ ಬಿಟ್ಟರೂ ನೀವು ಅವರಿಗೊಂದು ತಮಾಷೆಯ ಮುಖಪುಟ ಮಾಡಿ ಕೊಡುತ್ತಿದ್ದಿರಿ. ಅವರು ಮಾಡಿದ ತಪ್ಪುಗಳನ್ನೆಲ್ಲ ದೊಡ್ಡ ದೊಡ್ಡ ಶೀರ್ಷಿಕೆ ಹಾಕಿ, ನಿಜವಾದ ಪತ್ರಿಕೆಯ ಹಾಗೇ ಅಚ್ಚು ಹಾಕಿಸಿ. ಎರಡೇ ತಿಂಗಳು ಇದ್ದು ಓಡಿಹೋದ ಕ್ರೀಡಾ ವರದಿಗಾರನಿಗೂ ಕೊಟ್ಟಿರಿ. ನಾನು ಆರು ವರ್ಷ ದುಡಿದು ಹೊರಟ ದಿನ ಕೇಕ್ ಇತ್ತು, ಮುಖಪುಟ ಇರಲಿಲ್ಲ. ಯಜಮಾನರು ಎಲ್ಲಿ ಅಂದರೆ, ರಜೆ ಹಾಕಿ ಮೀನು ಹಿಡಿಯಲು ಹೋಗಿದ್ದಾರೆ ಅಂದರು. ಮೀನಿನ ವಾಸನೆಗೇ ಮೂಗು ಮುಚ್ಚಿಕೊಳ್ಳುವ ಮನುಷ್ಯ!

ಯಾಕೆ?

ರೋವೇನಾ


ಆಲ್ಡರ್ ಹಾರ್ಬರ್
30 ಸೆಪ್ಟೆಂಬರ್ 2018

ರೋವೇನಾ,

ನಿಮ್ಮ ಅಮ್ಮನ ಹೆಸರನ್ನು ಮೆಥಡಿಸ್ಟ್ ಚರ್ಚಿನ ದಾಖಲೆಯಲ್ಲಿ ನೋಡಿದೆ. ಸರಿಯಿದೆ.

ಆರು ಪುಸ್ತಕ ಮುಗಿಸಿದೆ. ತಪ್ಪುಗಳು ಹೀಗಿವೆ. ತೊಗಲು ವ್ಯಾಪಾರಿಯ ಪುಸ್ತಕ, ಪುಟ 88: ಏಪ್ರಿಲ್ ಮೊದಲ ವಾರ ನಮ್ಮ ಸರೋವರದ ದಡದಲ್ಲಿ ದೋಣಿ ಇಳಿಸಿದ್ದೀಯ. ಮಂಜುಗಡ್ಡೆಯ ಮೇಲೆ ಇಳಿಸಿದೆಯಾ? ಸೇತುವೆ ಕಟ್ಟುವವರ ಕಾದಂಬರಿ, ಪುಟ 140: ಒಂದೇ ವಾರದಲ್ಲಿ ಎರಡು ಮಂಗಳವಾರ ಬಂದಿವೆ. ನಾಯಿಯ ಕಥೆ, ಪುಟ 31: ನಾಯಿ ಎಡಗಾಲು ಕುಂಟುತ್ತಿತ್ತು, ಪುಟ 36ರಲ್ಲಿ ಬಲಗಾಲು. ಯಾರಮ್ಮ ನಿನ್ನ ಪ್ರಕಾಶಕರಲ್ಲಿ ಕರಡು ತಿದ್ದುವವರು? ಜೇನು ಸಾಕುವ ಪುಸ್ತಕದಲ್ಲಿ ಮಾತ್ರ ಏನೂ ಸಿಗಲಿಲ್ಲ. ನನಗೆ ಜೇನಿನ ವಿಷಯ ಗೊತ್ತಿಲ್ಲದ್ದೇ ಕಾರಣವಿರಬಹುದು.

ಓದುವುದು ನಿಧಾನವಾಗುತ್ತಿದೆ. ಎರಡೂ ಕಣ್ಣಿನ ನಡುಭಾಗದಲ್ಲಿ ಒಂದೊಂದು ಕಪ್ಪು ಮಚ್ಚೆ ಕೂತಿದೆ. ಅಂಚು ಕಾಣುತ್ತದೆ, ನಡು ಕಾಣುವುದಿಲ್ಲ. ಸಾಲಿನ ಮೊದಲ ಪದ, ಕೊನೆಯ ಪದ ನೋಡಿ ಮಧ್ಯದ್ದನ್ನು ಊಹಿಸಿಕೊಳ್ಳುತ್ತೇನೆ. ಚಳಿಗಾಲ ಮುಗಿಯುವ ಹೊತ್ತಿಗೆ ಅದೂ ಆಗುವುದಿಲ್ಲ ಎಂದಿದ್ದಾರೆ ವೈದ್ಯರು. ಅದಕ್ಕೇ ಅವಸರ. ಮರುಕ ತೋರಿಸಿ ಬರೆಯಬೇಡ.

ಒಂದು ಮಾತು ಮಾತ್ರ ತಲೆ ತಿನ್ನುತ್ತಿದೆ. ನೀನು ಕೆಲಸಕ್ಕೆ ಸೇರಿದ ಮೊದಲ ದಿನವೇ ಹೇಳಿದ್ದೆ: "ನೋಡಮ್ಮ, ಮುಖ್ಯವಾದದ್ದೆಲ್ಲ ಮೇಲೆ ಬರೀಬೇಕು. ಜಾಗ ಸಾಲದಿದ್ರೆ ನಾನು ಬಾಲದಿಂದ ಕತ್ತರಿಸ್ತೀನಿ. ಏನಿದೆ ಅಂತ ಓದಿ ನೋಡೋಕೆ ನಂಗೆ ಪುರುಸೊತ್ತಿರಲ್ಲ." ಜಗತ್ತಿನ ಎಲ್ಲ ಪತ್ರಿಕೆಗಳೂ ಹಾಗೇ ನಡೆಯುತ್ತವೆ. ನಿನ್ನ ಪುಸ್ತಕಗಳು ಒಂದೊಂದೂ ಒಂದೊಂದು ಥರ, ಒಪ್ಪಿದೆ. ಆದರೆ ಆರರಲ್ಲೂ ಮುಖ್ಯವಾದದ್ದು ಕಟ್ಟಕಡೆಯ ಪುಟದಲ್ಲಿದೆ. ಆ ಒಂದು ಪುಟ ಹರಿದು ಹಾಕಿದರೆ ಇಡೀ ಪುಸ್ತಕ ಸುಳ್ಳಾಗುತ್ತದೆ. ಚರ್ಚಿನ ಅಡುಗೆಮನೆಯ ಕೊಲೆ ಕೊಲೆಯೇ ಅಲ್ಲ ಅನ್ನುವುದು ಕೊನೆಯ ಸಾಲಿನಲ್ಲಿ! ನಾನು ಕಲಿಸಿದ್ದಕ್ಕೆ ಇಷ್ಟು ಹಟ ಹಿಡಿದು ತಲೆಕೆಳಗಾಗಿ ಬರೆದವರನ್ನು ನಾನು ಕಂಡಿಲ್ಲ. ಇದು ಬೇಕೆಂದೇ ಮಾಡಿದ್ದೇ?

ಆರ್ವಿಡ್


ಟೂಸಾನ್
9 ಅಕ್ಟೋಬರ್ 2018

ಯಜಮಾನರೇ,

ಮುಖಪುಟದ ಪ್ರಶ್ನೆಯನ್ನು ಜಾಣತನದಿಂದ ದಾಟಿದಿರಿ. ಇರಲಿ.

ಬೇಕೆಂದೇ ಮಾಡಿದ್ದು. ಯಾಕೆಂದು ನಿಮಗೆ ಗೊತ್ತು. ಆದರೂ ನಾನು ಬರೆಯುತ್ತೇನೆ, ಯಾಕೆಂದರೆ ಇದು ನನ್ನ ನಿಧನ ವಾರ್ತೆಯಲ್ಲಿ ಬರಬೇಕು.

1976ರ ನವೆಂಬರ್ 18, ಗುರುವಾರ. ಹಿಂದಿನ ದಿನದಿಂದ ಬಿರುಗಾಳಿ. ಮೀನುಗಾರಿಕೆಗೆ ಹೋದ 'ಇಂಗ್ರಿಡ್' ದೋಣಿಯ ಪತ್ತೆಯಿಲ್ಲ, ಯಾಲ್ಮರ್ ಮಾಕಿ ಮತ್ತು ಮೂವರು ಅದರಲ್ಲಿ. ನಮ್ಮದು ಸಂಜೆಪತ್ರಿಕೆ, ಹನ್ನೆರಡಕ್ಕೆ ಯಂತ್ರ ತಿರುಗಬೇಕು. ಹನ್ನೊಂದೂ ನಲವತ್ತಕ್ಕೆ ದಕ್ಕೆಯಿಂದ ಫೋನ್ ಬಂತು. "ಇಂಗ್ರಿಡ್ ಬರ್ತಾ ಇದೆ ಕಣಮ್ಮ, ಬಿಳಿ ಪಟ್ಟಿ ಕಾಣ್ತಿದೆ! ನಾಲ್ಕೂ ಜನ ಡೆಕ್ಕಿನ ಮೇಲಿದಾರೆ!" ನಾನು ಕುಣಿದುಬಿಟ್ಟೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದಂತೆ, ಹನ್ನೆರಡು ನಿಮಿಷದಲ್ಲಿ ಸುದ್ದಿ ಬರೆದೆ. ಕೋಸ್ಟ್ ಗಾರ್ಡ್‌ಗೂ ಫೋನ್ ಮಾಡಿದ್ದೆ. ಅವರು, ನಾವಿನ್ನೂ ಕಂಡಿಲ್ಲ ಅಂದರು. ಆ ಮಾತನ್ನು ಎಲ್ಲಿ ಬರೆದೆ? ಬಾಲದಲ್ಲಿ. ಮೇಲೆ ಬರೆದರೆ ನನ್ನ ಚೆಂದದ ಮೊದಲ ವಾಕ್ಯಕ್ಕೆ ಮಸಿ ಹತ್ತುತ್ತದಲ್ಲ! ಇಪ್ಪತ್ನಾಲ್ಕು ವರ್ಷದ ಜಂಬ. ಬಾಲ ಹೋಯಿತು, ಹೋಗಲೇಬೇಕಿತ್ತು. 'ಇಂಗ್ರಿಡ್ ದಡಕ್ಕೆ, ನಾಲ್ವರೂ ಕ್ಷೇಮ' ಅಂತ ಮೂರು ಗಂಟೆಗೆ ಮನೆಮನೆಗೂ ಪತ್ರಿಕೆ ಹೋಯಿತು. ಬಂದ ದೋಣಿ ಅದೇ ಬಣ್ಣದ ಇನ್ನೊಂದು. ಇಂಗ್ರಿಡ್ ಬರಲೇ ಇಲ್ಲ.

ಆಮೇಲೆ ಕೋ-ಆಪ್ ಅಂಗಡಿಯಲ್ಲಿ ಲೆಂಪಿ ಮಾಕಿ, ಯಾಲ್ಮರನ ಹೆಂಡತಿ, ಎಲ್ಲರೆದುರು ಆ ಪತ್ರಿಕೆಯನ್ನು ನನ್ನ ಮುಖಕ್ಕೆ ಎಸೆದು, "ನಿನ್ನ ಹೆಸರು ಇದರ ಮೇಲಿದೆ, ನೀನೇ ಇಟ್ಕೋ" ಅಂದಳು. ಇಟ್ಟುಕೊಂಡೆ. ಈಗಲೂ ಇದೆ. ನನ್ನನ್ನು ಅಡುಗೆ ಪುಟಕ್ಕೆ ಎತ್ತಿಹಾಕಿದರು. ಎರಡೂವರೆ ವರ್ಷ ಚರ್ಚುಗಳ ಅಡುಗೆಮನೆ ಸುತ್ತಿ, ಜನ ನನ್ನ ಕಂಡು ಮಾತು ನಿಲ್ಲಿಸುವುದನ್ನು ಸಹಿಸಿ, ಊರು ಬಿಟ್ಟೆ. ನೀರೇ ಕಾಣದ ಕಡೆ ಬಂದು ಕೂತೆ. ಬಾಲ ಕತ್ತರಿಸುವವರಿಲ್ಲದ ಕಡೆ ಬರೆದೆ.

ಇದನ್ನು ಬರೆಯಿರಿ, ನನ್ನ ಹೆಸರಿನಲ್ಲಿ. ಇದಿಲ್ಲದೆ ಒಂಬತ್ತು ಪುಸ್ತಕ ಯಾಕೆ ಹುಟ್ಟಿದವು ಅಂತ ಯಾರಿಗೂ ತಿಳಿಯುವುದಿಲ್ಲ.

ರೋವೇನಾ


ಆಲ್ಡರ್ ಹಾರ್ಬರ್
3 ನವೆಂಬರ್ 2018

ರೋವೇನಾ,

ಒಂಬತ್ತೂ ಮುಗಿದವು. 1976ರ ವಿಷಯ ಬರೆಯುವುದಿಲ್ಲ. ಡ್ವೇನ್ ಕೊಟ್ಟಿರುವುದು ಆರುನೂರು ಪದ. ಜಾಗವಿಲ್ಲ.

ಆರ್ವಿಡ್


ಟೂಸಾನ್
12 ನವೆಂಬರ್ 2018

ಯಜಮಾನರೇ,

ಜಾಗವಿಲ್ಲವಂತೆ!

ಒಂದು ತಿಂಗಳು ಕಾದೆ, ಬಂದದ್ದು ನಾಲ್ಕು ವಾಕ್ಯ. ನಾಯಿಯ ಕುಂಟುಗಾಲಿಗೆ ನಿಮ್ಮಲ್ಲಿ ಜಾಗವಿತ್ತು, ಎರಡು ಮಂಗಳವಾರಕ್ಕೆ ಜಾಗವಿತ್ತು. ನಾಲ್ಕು ಜನ ಸತ್ತದ್ದಕ್ಕೆ ಜಾಗವಿಲ್ಲ. ನಿಮ್ಮ ಮೇಲೆ ಇಷ್ಟು ಸಿಟ್ಟು ಬಂದದ್ದು ಇದೇ ಮೊದಲು. ಮುಖಪುಟ ಕೊಡದೆ ಮೀನು ಹಿಡಿಯಲು ಹೋದಾಗಲೂ ಬಂದಿರಲಿಲ್ಲ, ಆಗ ಬರೀ ಅಳು ಬಂದಿತ್ತು.

ನನ್ನ ಬದುಕಿನ ಬಾಲವನ್ನೂ ಓದದೆ ಕತ್ತರಿಸಬೇಕೆಂದಿದ್ದೀರಾ? ಹಾಗಾದರೆ ನನ್ನ ಸಾವಿಗೆ ನೀವು ಬರೆಯುವುದೇ ಬೇಡ. ಡ್ವೇನ್‌ಗೆ ಹೇಳಿ, ನಾನೇ ಬರೆದು ಕಳಿಸುತ್ತೇನೆ. ತಪ್ಪನ್ನು ಮೊದಲ ವಾಕ್ಯದಲ್ಲೇ ಹಾಕುತ್ತೇನೆ, ನೀವು ಕಲಿಸಿದ ಹಾಗೆ.

ಬಯ್ಯುವುದು ಮುಗಿಯಿತು. ಕಣ್ಣಿಗೆ ಔಷಧಿ ಸರಿಯಾಗಿ ಹಾಕಿಕೊಳ್ಳುತ್ತಿದ್ದೀರಾ? ಇದು ಮರುಕವಲ್ಲ, ವಿಚಾರಣೆ.

ರೋವೇನಾ ಪೆಂಗೆಲ್ಲಿ


ಆಲ್ಡರ್ ಹಾರ್ಬರ್
30 ನವೆಂಬರ್ 2018

ರೋವೇನಾ,

ಕೈಬರಹ ನನ್ನದಲ್ಲ. ಟೈಪ್‌ರೈಟರಿನ ಅಕ್ಷರ ಕಾಣದಾಗಿದೆ. ನಾನು ಹೇಳುತ್ತೇನೆ, ಬರೆಯುತ್ತಿರುವವರು ಲೆಂಪಿ ಮಾಕಿ. ಹೌದು, ಅದೇ ಲೆಂಪಿ. ಎಂಬತ್ತಾರು ವರ್ಷ, ಹಿರಿಯರ ವಸತಿಯಲ್ಲಿದ್ದಾರೆ. ಕಣ್ಣು ಹದ್ದಿನ ಹಾಗಿದೆ. (ಹದ್ದಲ್ಲ, ಮುದಿ ಕೋಳಿ. ಲೆಂಪಿ.) ನಾನು ಹೇಳಿದ್ದನ್ನಷ್ಟೇ ಬರೆಯಿರಿ ಅಂದರೆ ಕೇಳುವುದಿಲ್ಲ.

ಮುಖ್ಯವಾದದ್ದು ಮೇಲೆ ಬರಬೇಕು: ಆ ತಪ್ಪು ನಿನ್ನದಲ್ಲ, ನನ್ನದು. ನಲವತ್ತೆರಡು ವರ್ಷ ಬಾಯಿ ಮುಚ್ಚಿಕೊಂಡಿದ್ದೆ.

ಆವತ್ತು ಹನ್ನೊಂದೂ ಐವತ್ತೈದಕ್ಕೆ ನಿನ್ನ ಸುದ್ದಿ ಅಚ್ಚಾಗಿ ಬಂತು, ಇದ್ದ ಜಾಗಕ್ಕಿಂತ ಮೂರು ಸಾಲು ಉದ್ದವಾಗಿತ್ತು. ಚಾಕು ತೆಗೆದು ಬಾಲ ಕತ್ತರಿಸಿದೆ. ಓದಲಿಲ್ಲ. ಮೊದಲ ವಾಕ್ಯ ನೋಡಿ ಶೀರ್ಷಿಕೆ ಕೊಟ್ಟೆ. ಮೇಣ ಹತ್ತಿದ ಆ ತುಂಡು ನನ್ನ ಅಂಗಿಯ ತೋಳಿಗೆ ಅಂಟಿಕೊಂಡು ಮನೆಗೆ ಬಂತು. ಮಾರನೇ ದಿನ ಬೆಳಗಿನ ಜಾವ, ಇಂಗ್ರಿಡ್ ಬರಲಿಲ್ಲವೆಂದು ಗೊತ್ತಾದ ಮೇಲೆ, ಅಂಗಿ ಬಿಚ್ಚುವಾಗ ಓದಿದೆ. "ಆದರೆ ಇದು ದಕ್ಕೆಯಿಂದ ಬಂದ ಒಂದೇ ಫೋನಿನ ಮಾತು. ದೋಣಿಯನ್ನು ತಾವಿನ್ನೂ ಕಂಡಿಲ್ಲವೆಂದು ಕೋಸ್ಟ್ ಗಾರ್ಡ್ ಹೇಳಿದೆ. ಖಚಿತವಾಗುವ ತನಕ ಮನೆಯವರು ಕಾಯಬೇಕು."

ನೀನು ಬರೆದಿದ್ದೆ. ನಿನ್ನ ಜಾಗದಲ್ಲಿ ನಾನೇ ಇದ್ದರೂ ಆ ಅವಸರದಲ್ಲಿ ಇದಕ್ಕಿಂತ ಚೆನ್ನಾಗಿ ಬರೆಯುತ್ತಿರಲಿಲ್ಲ.

ಆ ಬೆಳಿಗ್ಗೆಯೇ ಸಂಪಾದಕರು ನಿನ್ನನ್ನು ಗಾಜಿನ ಕೋಣೆಗೆ ಕರೆದರು. ನಾನು ಹೊರಗೆ ನಿಂತಿದ್ದೆ, ಆ ತುಂಡು ಜೇಬಿನಲ್ಲಿತ್ತು. ಬಾಗಿಲು ಸರಿಯಾಗಿ ಹಾಕಿರಲಿಲ್ಲ, ಎಲ್ಲ ಕೇಳಿಸಿತು. "ಖಚಿತವಾಗಿಲ್ಲ ಅಂತ ಬರ್ದಿದ್ದೆಯೋ ಇಲ್ವೋ?" ಅಂದರು. ನೀನು "ಇಲ್ಲ" ಅಂದೆ. ಒಂದು ಕ್ಷಣವೂ ತಡೆಯಲಿಲ್ಲ. ಯಾಕೆ ಅಂದೆಯೆಂದು ನನಗೆ ಗೊತ್ತು. ನನ್ನ ಹೆಂಡತಿ ಇಲ್ಮಾ ಆಗ ಆಸ್ಪತ್ರೆಯಲ್ಲಿದ್ದಳು. ನನ್ನ ಕೆಲಸ ಹೋದರೆ ಅವಳ ಚಿಕಿತ್ಸೆಯ ವಿಮೆಯೂ ಹೋಗುತ್ತಿತ್ತು, ಮನೆಯಲ್ಲಿ ಮೂರು ಮಕ್ಕಳು. ಆಮೇಲೆ ಇಲ್ಮಾ ಇಪ್ಪತ್ತೆರಡು ವರ್ಷ ಬದುಕಿದಳು. ನಿನ್ನ ಒಂದು ಸುಳ್ಳಿನಿಂದ ಸಿಕ್ಕ ವರ್ಷಗಳು. ನಾನು ಮಾತ್ರ ಗಾಜಿನ ಆಚೆ ಮರದ ಕಂಬದ ಹಾಗೆ ನಿಂತೇ ಇದ್ದೆ. ಒಂದು ಬೆರಳೂ ಅಲ್ಲಾಡಿಸಲಿಲ್ಲ. ಇದಕ್ಕಿಂತ ನಾಚಿಕೆಗೇಡು ನನ್ನ ಜನ್ಮದಲ್ಲಿ ಇನ್ನೊಂದಿಲ್ಲ.

ಈಗ ಮುಖಪುಟದ ಮಾತು. ನೀನು ಹೊರಡುವ ವಾರ ಅದನ್ನು ಮಾಡಲು ಕೂತೆ. ಹೊರಡುವವರ ತಪ್ಪುಗಳನ್ನು ಬರೆಯುವುದು ಪದ್ಧತಿ. ನಿನ್ನ ಹೆಸರಿನಲ್ಲಿ ಊರಿಗೆಲ್ಲ ಗೊತ್ತಿದ್ದದ್ದು ಒಂದೇ ತಪ್ಪು, ಅದು ನನ್ನದು. ಏನಂತ ಬರೆಯಲಿ? ಮೀನು ಹಿಡಿಯುವ ಗಾಳ ಎತ್ತಿಕೊಂಡು ಹೋದೆ. ಇಡೀ ದಿನ ಗಾಳ ನೀರಿಗೆ ಇಳಿಯಲಿಲ್ಲ.

ನಿನ್ನ ಬೈಗುಳದ ಕಾಗದ ಬಂದ ಮೇಲೆ ಸುಮ್ಮನಿರಲಾಗಲಿಲ್ಲ. ಇಷ್ಟು ವರ್ಷ ನಿಘಂಟಿನೊಳಗೆ ಇಟ್ಟಿದ್ದ ಆ ತುಂಡನ್ನು ತೆಗೆದುಕೊಂಡು ಲೆಂಪಿಯವರಲ್ಲಿಗೆ ಹೋದೆ. ನಡೆದದ್ದೆಲ್ಲ ಹೇಳಿ ಆ ಮೂರು ಸಾಲು ಅವರ ಕೈಗೆ ಕೊಟ್ಟೆ. ಕನ್ನಡಕವಿಲ್ಲದೆ ಓದಿದರು. ಆಮೇಲೆ ಹೇಳಿದರು:

"ಇದಕ್ಕೋಸ್ಕರ ನೀವಿಬ್ರೂ ಇಷ್ಟು ವರ್ಷ ಒದ್ದಾಡಿದ್ರಾ? ಇದನ್ನ ಅಚ್ಚು ಹಾಕಿದ್ರೂ ನಾನು ಓದ್ತಿರಲಿಲ್ಲಪ್ಪ. ಹೆಡ್ಡಿಂಗ್ ನೋಡಿದೆ, ಅಷ್ಟೇ. ಯಾಲ್ಮರ್ ಬದುಕಿದಾನೆ ಅಂದ್ಮೇಲೆ ಕೆಳಗೆ ಓದ್ಕೊಂಡು ಯಾರು ಕೂತ್ಕೋತಾರೆ? ಸೌನಾ ಆವಿಮನೆ ಕಾಯಿಸೋಕೆ ಓಡಿದೆ. ಚಳೀಲಿ ಬರ್ತಾನಲ್ಲ ಅಂತ, ಚಳಿಗಾಲಕ್ಕೆ ಇಟ್ಟಿದ್ದ ಬರ್ಚ್ ಸೌದೆನೆಲ್ಲ ಸುಟ್ಟುಬಿಟ್ಟೆ."

ಆ ತುಂಡನ್ನು ಮೇಜಿನ ಮೇಲಿಟ್ಟು, "ಹೆಡ್ಡಿಂಗ್ ಬರ್ದೋರು ಯಾರು?" ಅಂದರು.

"ನಾನೇ."

"ಹಾಗಾದ್ರೆ ಆ ಹುಡುಗೀನ ಯಾಕೋ ಶಪಿಸ್ದೆ ನಾನು ಇಷ್ಟು ವರ್ಷ?" ಅಂದರು. ಹೊರಗೆ ಹಿಮ ಬೀಳುತ್ತಿತ್ತು. ಎದ್ದು ಹೋಗು ಅನ್ನುತ್ತಾರೆಂದುಕೊಂಡೆ. ಕಾಫಿ ಕೊಟ್ಟರು. ಸಕ್ಕರೆ ಹಾಕಿರಲಿಲ್ಲ, ನಾನೂ ಕೇಳಲಿಲ್ಲ.

ನಿನ್ನೆಯ ಕ್ರಾನಿಕಲ್‌ನಲ್ಲಿ ಬಂದ ತಿದ್ದುಪಡಿಯನ್ನು ಇದರೊಂದಿಗೆ ಇಟ್ಟಿದ್ದೇನೆ. ಇಷ್ಟು ಹಳೇದಕ್ಕೆ ಯಾರಾದ್ರೂ ತಿದ್ದುಪಡಿ ಹಾಕ್ತಾರಾ ಅಂದ ಡ್ವೇನ್. ತಪ್ಪು ಹಳೆಯದಾದರೆ ಸರಿಯಾಗುತ್ತದೆಯೇ ಅಂದೆ. ಹಾಕಿದ.

"ತಿದ್ದುಪಡಿ: 1976ರ ನವೆಂಬರ್ 18ರ ಸಂಚಿಕೆಯಲ್ಲಿ 'ಇಂಗ್ರಿಡ್' ದೋಣಿಯ ನಾಲ್ವರೂ ಕ್ಷೇಮ ಎಂದು ಪ್ರಕಟವಾದದ್ದು ತಪ್ಪು. ಸುದ್ದಿ ಖಚಿತವಲ್ಲವೆಂದು ವರದಿಗಾರ್ತಿ ರೋವೇನಾ ಪೆಂಗೆಲ್ಲಿ ಸ್ಪಷ್ಟವಾಗಿ ಬರೆದಿದ್ದರು. ಆ ಸಾಲುಗಳನ್ನು ಓದದೆ ಕತ್ತರಿಸಿದವರು, ಶೀರ್ಷಿಕೆ ಕೊಟ್ಟವರು ಆಗಿನ ಮುಖ್ಯ ಉಪಸಂಪಾದಕ ಆರ್ವಿಡ್ ನೀಮಿ. ವಿಷಾದಿಸುತ್ತೇವೆ."

ಇನ್ನೊಂದು ಹಾಳೆ ಇದೆ. ಅದೇ ಹಳೆಯ ಅಳತೆಯಲ್ಲಿ ಡ್ವೇನ್ ಕೂಡಿಸಿಕೊಟ್ಟ. ನಿನ್ನ ಮುಖಪುಟ. ಪ್ಯಾಸ್ಟಿಯ ಕ್ಯಾರೆಟ್ ಜಗಳ, ಎರಡು ಮಂಗಳವಾರ, ನಾಯಿಯ ಕಾಲು ಎಲ್ಲ ಕೆಳಗಿದೆ. ಶೀರ್ಷಿಕೆ ನಾನು ಕೊಟ್ಟ ಕೊನೆಯದು: 'ರೋವೇನಾ ಹೊರಟಳು, ತಪ್ಪು ಇಲ್ಲೇ ಉಳಿಯಿತು.'

ನಿಧನ ವಾರ್ತೆಯ ಮೊದಲ ವಾಕ್ಯವೂ ಸಿಕ್ಕಿತು. 'ರೋವೇನಾ ಪೆಂಗೆಲ್ಲಿ ಒಂಬತ್ತು ಬಗೆಯ ಪುಸ್ತಕ ಬರೆದರು, ಒಂದರಲ್ಲೂ ಕೊನೆಯ ಪುಟ ಬಿಡುವಂತಿಲ್ಲ.' ಇಪ್ಪತ್ತು ಪದದೊಳಗಿದೆ. ಬೀರುವಿನಲ್ಲಿ ಬಹಳ ವರ್ಷ ಧೂಳು ತಿನ್ನಲಿ.

ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ತಿದ್ದುಪಡಿಯಲ್ಲಿ ಆ ಪದ ಹಾಕುವ ಪದ್ಧತಿಯೂ ಇಲ್ಲ.

ಆರ್ವಿಡ್

(ಇವನು ಅಳ್ತಿದಾನೆ, ಅದನ್ನ ಬರೀಬೇಡಿ ಅಂತಾನೆ, ಬರ್ದಿದೀನಿ. ಅಂಗಡೀಲಿ ಪೇಪರ್ ಎಸೆದದ್ದು ತಪ್ಪಾಯ್ತು ಕಣಮ್ಮ. ಎಸೆದ ಕೈ ಇದೇ, ಬರೀತಿರೋದೂ ಇದೇ. ಹೊಟ್ಟೆಗೆ ಹಾಕ್ಕೋ. ನಿನ್ನ ಪುಸ್ತಕ ಒಂದೂ ಓದಿಲ್ಲ. ನಾಯಿದು ಕಳ್ಸು, ಅಕ್ಷರ ದೊಡ್ಡದಿರುತ್ತಂತೆ. ಲೆಂಪಿ ಮಾಕಿ)


ಟೂಸಾನ್
8 ಡಿಸೆಂಬರ್ 2018

ಯಜಮಾನರೇ, ಲೆಂಪಿ ಅಮ್ಮ,

ಬರುತ್ತಿದ್ದೇನೆ. ಡಿಸೆಂಬರ್ 20, ಗುರುವಾರ, ಮಧ್ಯಾಹ್ನದ ಬಸ್ಸಿಗೆ. ನೋಡಿದಿರಾ, ಮುಖ್ಯವಾದದ್ದನ್ನು ಮೇಲೆ ಬರೆದಿದ್ದೇನೆ.

ಮುಖಪುಟವನ್ನು ಅಡುಗೆಮನೆಯ ಗೋಡೆಗೆ ಅಂಟಿಸಿದೆ. ಪಕ್ಕದ ಮನೆಯವಳು ಬಂದು ನೋಡಿ, ಇದೇನು, ಯಾರಿಗಾದರೂ ಬಹುಮಾನ ಬಂತಾ ಅಂದಳು. ಹೌದು ಅಂದೆ. ಅವಳು ಹೋದ ಮೇಲೆ ಅದರೆದುರು ಕುರ್ಚಿ ಹಾಕಿಕೊಂಡು ಕೂತು ಅತ್ತೆ, ನಕ್ಕೆ, ಮತ್ತೆ ಅತ್ತೆ. ಮೂವತ್ತೊಂಬತ್ತು ವರ್ಷ ಕಾದದ್ದಕ್ಕೆ ಮೋಸವಾಗಲಿಲ್ಲ. ಒಂದು ತಪ್ಪು ಇದೆ: ನಾನು ಕೆಲಸ ಬಿಟ್ಟದ್ದು ಜೂನ್ 15, ನೀವು 14 ಎಂದು ಹಾಕಿದ್ದೀರಿ. ಜೀವಮಾನದಲ್ಲಿ ನಿಮ್ಮದೊಂದು ತಾರೀಖು ಹಿಡಿದೆ, ಇನ್ನು ನಾನು ಸತ್ತರೂ ಚಿಂತೆಯಿಲ್ಲ.

ಲೆಂಪಿ ಅಮ್ಮ, ನಾಯಿಯ ಪುಸ್ತಕ ಕೈಯಲ್ಲೇ ತರುತ್ತೇನೆ, ಕಾಲು ತಿದ್ದಿ. ಆ ಪತ್ರಿಕೆಯನ್ನೂ ತರುತ್ತೇನೆ. ಇಷ್ಟು ವರ್ಷ ಇಟ್ಟುಕೊಂಡೆ, ಇನ್ನು ಸಾಕು. ನಿಮ್ಮ ಸೌನಾ ಒಲೆ ಇನ್ನೂ ಇದ್ದರೆ ಮೂವರೂ ಕೂತು ಅದರಲ್ಲೇ ಹಾಕೋಣ. ಯಾಲ್ಮರ್ ಅವರಿಗೆ ಕಾಯಿಸಿದ ಸೌನಾದ ಮಾತು ಓದಿದೆ. ಬಂದು ನಿಮ್ಮ ಕೈ ಹಿಡಿದುಕೊಳ್ಳುತ್ತೇನೆ, ಅಷ್ಟೇ.

ಯಜಮಾನರೇ, ಪ್ಯಾಸ್ಟಿ ನಾನೇ ಮಾಡುತ್ತೇನೆ. ನಿಮ್ಮದೊಂದಕ್ಕೆ ಕ್ಯಾರೆಟ್ ಹಾಕುತ್ತೇನೆ, ನಮ್ಮಜ್ಜಿ ಕ್ಷಮಿಸಲಿ. ನೀವು ಓದಲಾಗದ ಪುಸ್ತಕಗಳನ್ನು ನಾನು ಓದಿ ಹೇಳುತ್ತೇನೆ. ತಪ್ಪು ಸಿಕ್ಕಲ್ಲಿ ಕೈ ಎತ್ತಿ.

ಲೆಂಪಿ ಅಮ್ಮ, ಇದನ್ನು ಅವರಿಗೆ ಓದಿ ಹೇಳುತ್ತಿರುವವರು ನೀವೇ ಇರಬೇಕು. ನೀವು ಮೇಲಿನದ್ದಷ್ಟೇ ಓದಿ ಎದ್ದು ಹೋಗುವವರು ಎಂದು ಗೊತ್ತಾಯಿತು. ಇದೊಂದು ಸಲ ಕೂತು ಕೊನೆಯ ಮೂರು ಸಾಲೂ ಓದಿಬಿಡಿ, ಗಟ್ಟಿಯಾಗಿ.

ಯಜಮಾನರೇ, ಆವತ್ತು ನೀವು ಕಂಬದ ಹಾಗೆ ನಿಂತಿರಲಿಲ್ಲ. ಬಾಗಿಲ ಹಿಡಿಯ ಮೇಲೆ ನಿಮ್ಮ ಕೈ ಇತ್ತು, ಅದು ತಿರುಗುವುದನ್ನು ಒಳಗಿನಿಂದ ನಾನು ಕಂಡೆ. ಅದಕ್ಕೇ, ನೀವು ಒಳಗೆ ಬರುವ ಮೊದಲೇ, ಅಷ್ಟು ಬೇಗ 'ಇಲ್ಲ' ಅಂದೆ.

ರೋವೇನಾ